ಗಾಡಿ–ಗ್ಯಾರೇಜ್ ಪ್ರಶ್ನೋತ್ತರ: ಹೆಚ್ಚಾದ ಮೂರೂವರೆ ಲೀಟರ್ ಡೀಸೆಲ್ ಎಲ್ಲಿ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೇ ಡೀಸೆಲ್ ಗಾಡಿಯನ್ನು ಕ್ಯಾರವಾನ್ ಮಾಡಿಕೊಂಡವರದು. ದೂರು ಬಹುತೇಕ ಒಂದೇ: ಆವರೇಜ್ (ಲೀಟರಿಗೆ ಓಡುವ ಕಿ.ಮೀ.) ಬಿದ್ದಿದೆ. ಹುಬ್ಬಳ್ಳಿಯ ಪತ್ರಕ್ಕೆ ಉದ್ದ ಉತ್ತರ ಕೊಟ್ಟಿದ್ದೇವೆ. ಉಳಿದವರು ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರಬೇಕು.

ಪ್ರಶ್ನೆ: ನಮ್ಮದು 2006ರ ಟೆಂಪೋ ಟ್ರಾವೆಲರ್. 2.4 ಲೀಟರಿನ ಹಳೇ ಇಂಜಿನ್, ಟರ್ಬೊ ಇಲ್ಲ. ಸೀಟು ತೆಗೆದು ಮಂಚ, ಅಡುಗೆ ಕಟ್ಟೆ, 150 ಲೀಟರಿನ ನೀರಿನ ಟ್ಯಾಂಕ್ ಕೂರಿಸಿ ಕ್ಯಾರವಾನ್ ಮಾಡಿಕೊಂಡಿದ್ದೇವೆ. ಆರ್‌ಸಿಯಲ್ಲೂ ತಿದ್ದುಪಡಿ ಆಗಿದೆ. ಮೊದಲು ಲೀಟರಿಗೆ 10ರ ಮೇಲೆಯೇ ಬರುತ್ತಿತ್ತು. ಮಳೆಗಾಲವಿಡೀ ನಿಲ್ಲಿಸಿ ದೀಪಾವಳಿಗೆ ತೆಗೆದಾಗಿನಿಂದ 7.5 ದಾಟುತ್ತಿಲ್ಲ. ಹೊಗೆ ಅಂಥದ್ದೇನೂ ಇಲ್ಲ. ಮಿಸ್ತ್ರಿ, ‘ಪಂಪ್, ನೋಜಲ್ ಎರಡೂ ಬಿಚ್ಚಿಸ್ರಿ, ಇಲ್ಲಾಂದ್ರ ಇದು ಹಿಂಗ ಕುಡಿತೈತಿ’ ಅಂತಾರೆ. ಬಿಚ್ಚಿಸಬೇಕೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಬೇಡ. ಮೊದಲು ಲೆಕ್ಕ ನೋಡಿ. ನಿಮ್ಮ ‘10ರ ಮೇಲೆ’ ಎಂಬುದನ್ನು 10.2 ಕಿ.ಮೀ. ಎಂದು ಹಿಡಿದರೆ 100 ಕಿ.ಮೀ.ಗೆ 9.8 ಲೀಟರ್. 7.5 ಅಂದರೆ 13.3 ಲೀಟರ್. ನೂರು ಕಿಲೋಮೀಟರಿಗೆ ಮೂರೂವರೆ ಲೀಟರ್ ಹೆಚ್ಚು ಹೋಗುತ್ತಿದೆ. ಅಷ್ಟು ಡೀಸೆಲ್ ಸುಮ್ಮನೆ ಮಾಯವಾಗದು. ಸರಿಯಾಗಿ ಉರಿಯದೆ ಹೊಗೆಯಾಗಬೇಕು, ನೆಲಕ್ಕೋ ಇಂಜಿನ್ ಆಯಿಲ್‌ಗೋ ಸೋರಬೇಕು, ಇಲ್ಲವೇ ಪೂರಾ ಉರಿದು ಅದರ ಶಕ್ತಿ ಎಲ್ಲೋ ಬಿಸಿಯಾಗಿ ಹಾಳಾಗಬೇಕು. ಈ ಮೂರೂ ಅಲ್ಲದಿದ್ದರೆ ಅಳತೆಯೇ ತಪ್ಪಿದೆ. ಡೀಸೆಲನ್ನು ಒತ್ತಿ ಕಳಿಸುವ ಪಂಪ್ ಅಥವಾ ಅದನ್ನು ಇಂಜಿನ್ ಒಳಗೆ ಚಿಮ್ಮಿಸುವ ನೋಜಲ್ ಕೆಟ್ಟು ಈ ಪ್ರಮಾಣದಲ್ಲಿ ಕುಡಿದರೆ ಏರಿನಲ್ಲಿ ಕಪ್ಪು ಹೊಗೆ ಕಾಣದೇ ಇರುವುದು ಅಪರೂಪ. ನಿಮ್ಮಲ್ಲಿ ಹೊಗೆ ಇಲ್ಲ. ಮೇಲಾಗಿ ಗಾಡಿ ತಿಂಗಳುಗಟ್ಟಲೆ ಮಳೆಯ ತೇವದಲ್ಲಿ ನಿಂತಿತ್ತು. ಎರಡನ್ನೂ ಸೇರಿಸಿ ನೋಡಿದರೆ ನಮ್ಮ ಮೊದಲ ಅನುಮಾನ ಬ್ರೇಕಿನ ಮೇಲೆ.

ಅದಕ್ಕೂ ಮುಂಚೆ ಅಳತೆ ಖಾತ್ರಿಯಾಗಲಿ. ಒಂದೇ ಬಂಕ್, ಒಂದೇ ಪಂಪ್, ಗಾಡಿ ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಡೀಸೆಲ್ ನೊರೆ ಕಟ್ಟುತ್ತದೆ, ಹಾಗಾಗಿ ಮೊದಲ ಸಲ ತಾನಾಗಿ ಕಟ್ ಆದಾಗ ಟ್ಯಾಂಕ್ ಪೂರ್ತಿ ತುಂಬಿರುವುದಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಹಾಕಿಸಿ, ಎರಡನೇ ಕಟ್‌ಗೆ ನಿಲ್ಲಿಸಿ. ಮುಂದಿನ ಸಲವೂ ಹಾಗೇ. ನಡುವೆ ಕನಿಷ್ಠ 400 ಕಿ.ಮೀ. ಓಡಿರಬೇಕು. ತುಂಬುವುದರಲ್ಲಿ 2 ಲೀಟರ್ ಹೆಚ್ಚುಕಡಿಮೆಯಾದರೆ 100 ಕಿ.ಮೀ. ಓಟದಲ್ಲಿ ಅದು ನೂರಕ್ಕೆ 20ರ ತಪ್ಪು, 400 ಕಿ.ಮೀ.ನಲ್ಲಿ 5ಕ್ಕೆ ಇಳಿಯುತ್ತದೆ. ‘ಸಾವಿರ ರೂಪಾಯಿದು ಹಾಕಿಸಿದೆ, ಮುಳ್ಳು ಇಷ್ಟು ಇಳೀತು’ ಎಂಬ ಲೆಕ್ಕದ ಮೇಲೆ ಗಾಡಿಗೆ ಖರ್ಚು ಮಾಡಬೇಡಿ. ಟೈರ್ ಸೈಜ್ ಬದಲಾಗಿದೆಯೇ ಎಂಬುದನ್ನೂ ನೋಡಿ. ಟೈರಿನ ವ್ಯಾಸ ನೂರಕ್ಕೆ 3ರಷ್ಟು ದೊಡ್ಡದಾದರೆ ನೀವು 300 ಕಿ.ಮೀ. ಓಡಿದ್ದನ್ನು ಮೀಟರ್ 291 ಎಂದು ತೋರಿಸುತ್ತದೆ. ಆವರೇಜ್ ಬಿದ್ದಂತೆ ಕಾಣುತ್ತದೆ, ನಿಜವಾಗಿ ಬಿದ್ದಿರುವುದಿಲ್ಲ. ಹಾವೇರಿ ಕಡೆಯ ಹೆದ್ದಾರಿಯಲ್ಲಿ 20 ಕಿಲೋಮೀಟರ್ ಕಲ್ಲು ಎಣಿಸಿ, ಇಲ್ಲವೇ ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ ಮೀಟರ್ ಪರೀಕ್ಷಿಸಬಹುದು.

ಸೋರಿಕೆ ಹುಡುಕಲು ಹತ್ತು ನಿಮಿಷ ಸಾಕು. ರಾತ್ರಿ ನಿಂತ ಜಾಗದಲ್ಲಿ ಟ್ಯಾಂಕ್, ಫಿಲ್ಟರ್, ಇಂಜಿನ್ ಕೆಳಗೆ ಹಳೇ ರಟ್ಟು ಹಾಸಿ. ನೋಜಲ್‌ನಿಂದ ನೋಜಲ್‌ಗೆ ಹೋಗುವ ಬಟ್ಟೆ ಸುತ್ತಿದ ಸಣ್ಣ ರಿಟರ್ನ್ ಪೈಪುಗಳು ವರ್ಷಗಳಲ್ಲಿ ಒಣಗಿ ಬಿರಿಯುತ್ತವೆ. ಇಂಜಿನ್ ಓಡುವಾಗ ಮಾತ್ರ ಜಿನುಗಿ ಬಿಸಿ ಬ್ಲಾಕಿನ ಮೇಲೆ ಆರಿ ಹೋಗುವುದರಿಂದ ನೆಲದ ಮೇಲೆ ಕಲೆ ಇರುವುದಿಲ್ಲ, ವಾಸನೆ ಮಾತ್ರ ಇರುತ್ತದೆ. ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ. ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪಿನಿಂದಲೋ ಇಂಜೆಕ್ಷನ್ ಪಂಪಿನಿಂದಲೋ ಡೀಸೆಲ್ ಇಂಜಿನ್ನಿನ ಆಯಿಲ್ ಚೇಂಬರಿಗೆ ಇಳಿಯುತ್ತಿದೆ. ಆಗ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ತೆಳುವಾದ ಆಯಿಲ್ ಬೇರಿಂಗನ್ನು ತಿನ್ನುತ್ತದೆ, ಆ ಖರ್ಚಿನ ಮುಂದೆ ಆವರೇಜ್ ಏನೂ ಅಲ್ಲ.

ಈಗ ಬ್ರೇಕ್. ಒಂದು ಲೀಟರ್ ಡೀಸೆಲ್‌ನಲ್ಲಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು 10 ಯೂನಿಟ್ ಶಕ್ತಿ ಇದೆ. ಅದರಲ್ಲಿ ಗಾಲಿಗೆ ಮುಟ್ಟುವುದು ಮೂರರಷ್ಟು. ಮೂರೂವರೆ ಲೀಟರಿನ ಲೆಕ್ಕದಲ್ಲಿ 10 ಯೂನಿಟ್ ಗಾಲಿಯ ಹತ್ತಿರ ಹಾಳಾಗುತ್ತಿದೆ ಎಂದುಕೊಳ್ಳಿ. ಗಂಟೆಗೆ 50ರ ವೇಗದಲ್ಲಿ 100 ಕಿ.ಮೀ.ಗೆ ಎರಡು ಗಂಟೆ. ಅಂದರೆ ಎರಡು ಗಂಟೆ ಹೊತ್ತೂ 5 ಕಿಲೋವ್ಯಾಟ್, ಬಚ್ಚಲ ನೀರು ಕಾಯಿಸುವ 1000 ವ್ಯಾಟಿನ ಕಾಯಿಲ್ ಐದು ಒಟ್ಟಿಗೆ ಹಚ್ಚಿಟ್ಟ ಹಾಗೆ. ಇಷ್ಟು ಬಿಸಿ ಅಡಗಿ ಕೂರಲಾರದು. ಪೂರ್ತಿ ಮೂರೂವರೆ ಲೀಟರಿಗೆ ಬ್ರೇಕೇ ಕಾರಣ ಅಲ್ಲದಿದ್ದರೂ, ಅರ್ಧಕ್ಕೆ ಕಾರಣವಾಗಿದ್ದರೂ ಅದು ಕೈಗೆ ಸಿಗುತ್ತದೆ.

ಸಪಾಟು ರಸ್ತೆಯಲ್ಲಿ 20 ಕಿ.ಮೀ. ಓಡಿಸಿ, ಕೊನೆಯ ಎರಡು ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಬಂದು ಗಾಡಿ ತಾನಾಗಿ ನಿಧಾನಗೊಂಡು ನಿಲ್ಲುವಂತೆ ಬಿಡಿ. ಕೂಡಲೇ ನಾಲ್ಕೂ ಗಾಲಿಯ ಡ್ರಮ್ ಅಥವಾ ಡಿಸ್ಕ್‌ನ ಬಿಸಿ ಅಳೆಯಿರಿ. ದೂರದಿಂದ ಅಳೆಯುವ ಗನ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈ ಹತ್ತಿರ ತಂದು ನೋಡಿ, ಮುಟ್ಟಬೇಡಿ. ಒಂದೇ ಆಕ್ಸಲ್‌ನ ಎಡಕ್ಕೂ ಬಲಕ್ಕೂ 20–25 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಬಿಸಿ ಇರುವ ಕಡೆ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಜಾಕ್ ಹಚ್ಚಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಆ ಗಾಲಿ ತಿರುಗಿಸಿ. ಕೈಯಿಂದ ತಳ್ಳಿದರೆ ಒಂದು ಸುತ್ತಾದರೂ ತಾನಾಗಿ ತಿರುಗಬೇಕು. ಹಿಂದಿನ ಗಾಲಿಗೆ ಡಿಫರೆನ್ಷಿಯಲ್‌ನ ಎಳೆತ ಇರುವುದರಿಂದ ಸ್ವಲ್ಪ ಭಾರ ಎನಿಸುವುದು ಸಹಜ.

ಗಾಲಿ ಬಿಗಿ ಇದ್ದರೆ ಕಾರಣ ಹುಡುಕುವ ಕ್ರಮ ಹೀಗೆ. ಯಾರಾದರೂ ಬ್ರೇಕ್ ಒತ್ತಿ ಬಿಡಲಿ, ಗಾಲಿ ಹಿಡಿದುಕೊಳ್ಳಲಿ. ಆಮೇಲೆ ಆ ಗಾಲಿಯ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಗಾಲಿ ಸಡಿಲವಾದರೆ ಒಳಗೆ ಒತ್ತಡ ಸಿಕ್ಕಿಬಿದ್ದಿತ್ತು. ಸಡಿಲ ಆಗದಿದ್ದರೆ ದೋಷ ಗಾಲಿಯಲ್ಲೇ ಇದೆ: ಡಿಸ್ಕ್ ಇದ್ದರೆ ಕ್ಯಾಲಿಪರ್‌ನ ಪಿಸ್ಟನ್ ಅಥವಾ ಸ್ಲೈಡ್ ಪಿನ್ ತುಕ್ಕು ಹಿಡಿದಿದೆ, ಡ್ರಮ್ ಇದ್ದರೆ ವೀಲ್ ಸಿಲಿಂಡರ್ ಜಾಮ್ ಆಗಿದೆ, ಸ್ಪ್ರಿಂಗ್ ಮುರಿದಿದೆ, ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ವಾಪಸ್ ಬರುತ್ತಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಮಳೆಗಾಲವಿಡೀ ನಿಲ್ಲಿಸಿದ ಗಾಡಿಯಲ್ಲಿ ಇದೇ ಮೊದಲ ಕಳ್ಳ. ಒಳಗೆ ಒತ್ತಡ ಸಿಕ್ಕಿಬಿದ್ದಿತ್ತು ಎಂದು ಗೊತ್ತಾದರೆ ಇನ್ನೊಂದು ಪರೀಕ್ಷೆ: ಮತ್ತೆ ಬ್ರೇಕ್ ಒತ್ತಿ ಬಿಟ್ಟು, ಈ ಸಲ ನಿಪ್ಪಲ್ ಮುಟ್ಟದೆ ರಬ್ಬರ್ ಹೋಸ್‌ಗೂ ಮೊದಲಿನ ಕಬ್ಬಿಣದ ಪೈಪಿನ ನಟ್ ಸಡಿಲಿಸಿ. ಈಗ ಗಾಲಿ ಬಿಟ್ಟರೆ ತೊಂದರೆ ಮೇಲೆ ಇದೆ, ಮಾಸ್ಟರ್ ಸಿಲಿಂಡರ್‌ನಲ್ಲೋ ಪೆಡಲ್‌ನ ಪುಶ್‌ರಾಡ್‌ಗೆ ಪ್ಲೇ ಇಲ್ಲದ್ದರಲ್ಲೋ. ಈಗಲೂ ಬಿಡದಿದ್ದರೆ ರಬ್ಬರ್ ಹೋಸ್ ಒಳಗೊಳಗೇ ಊದಿ ಮುಚ್ಚಿಕೊಂಡಿದೆ. ಪೆಡಲ್‌ನ ಒತ್ತಡ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆಯೇ ಇರುತ್ತದೆ, ಹಾಗಾಗಿ ಗ್ಯಾರೇಜಿನಲ್ಲಿ ಕ್ಯಾಲಿಪರ್ ಬದಲಾಗುತ್ತದೆ, ಹೋಸ್ ಉಳಿಯುತ್ತದೆ, ತಿಂಗಳೊಳಗೆ ಅದೇ ಕತೆ. ಹೋಸ್ ಬದಲಿಸುವಾಗ ಎಡಬಲ ಎರಡನ್ನೂ ಬದಲಿಸಿ. ಬ್ರೇಕ್ ಆಯಿಲ್ ನೀರು ಹೀರುವ ವಸ್ತು. ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದು ಹಾಕಿಸಿ, ಡಬ್ಬಿಯ ಮೇಲೆ ಡಾಟ್ 3 ಇರಬೇಕೋ ಡಾಟ್ 4 ಇರಬೇಕೋ ಎಂಬುದು ಮಾಸ್ಟರ್ ಸಿಲಿಂಡರ್ ಮುಚ್ಚಳದ ಮೇಲೆ ಬರೆದಿರುತ್ತದೆ. ಬಿಚ್ಚಿದ ಪ್ರತಿ ಸಲವೂ ಬ್ಲೀಡಿಂಗ್, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವುದು, ಕಡ್ಡಾಯ.

ನಾಲ್ಕೂ ಗಾಲಿ ತಣ್ಣಗಿದ್ದರೆ ಬ್ರೇಕ್ ನಿರಪರಾಧಿ. ಆಗ ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಗಾಡಿ ಸ್ವಲ್ಪ ಬಿಸಿಯಾದರೂ ಸಾಕು, ವಾಲ್ವ್ ಕಿತ್ತು ಬಿಸಾಡುವುದು ರೂಢಿಯಾಗಿಬಿಟ್ಟಿದೆ. ವಾಲ್ವ್ ಇಲ್ಲದ ಇಂಜಿನ್, ಅದರಲ್ಲೂ ಡಿಸೆಂಬರ್ ಬೆಳಗಿನಲ್ಲಿ, 80 ಡಿಗ್ರಿ ಮುಟ್ಟದೆ 55–60ರಲ್ಲೇ ಓಡುತ್ತದೆ. ಆಯಿಲ್ ಮಂದ ಇರುತ್ತದೆ, ಸಿಲಿಂಡರ್ ಗೋಡೆ ತಣ್ಣಗಿದ್ದು ಉರಿದ ಬಿಸಿಯನ್ನು ಹೀರಿಕೊಳ್ಳುತ್ತದೆ. ನಿಮ್ಮದು ಪ್ರೀ-ಚೇಂಬರ್ ಇಂಜಿನ್ (ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯಲ್ಲಿ ಉರಿಯಲು ಶುರುವಾಗುವಂಥದ್ದು), ಮೂಲ ವಿನ್ಯಾಸ ಮರ್ಸಿಡಿಸ್‌ನ ಓಎಂ 616. ಇಂಥ ಇಂಜಿನ್‌ಗೆ ತಂಪು ಇನ್ನೂ ಒಗ್ಗದು. ಇದೊಂದರಿಂದಲೇ ಮೂರೂವರೆ ಲೀಟರ್ ಹೋಗದಿದ್ದರೂ ಒಂದು ಪಾಲು ಖಂಡಿತ ಹೋಗುತ್ತದೆ. ಪರೀಕ್ಷೆ ಸುಲಭ: ತಣ್ಣಗಿನ ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಕೈಯಿಟ್ಟುಕೊಳ್ಳಿ, ಫ್ಯಾನ್ ಬೆಲ್ಟಿನಿಂದ ದೂರ. ವಾಲ್ವ್ ಸರಿ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗಿದ್ದು, ಗೇಜಿನ ಮುಳ್ಳು 80ರ ಹತ್ತಿರ ಬಂದಾಗ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಹೋಸ್ ಸಣ್ಣಗೆ ಬಿಸಿಯಾಗುತ್ತ ಬಂದರೆ ವಾಲ್ವ್ ಇಲ್ಲ, ಅಥವಾ ತೆರೆದೇ ನಿಂತಿದೆ. ಹೊಸ ವಾಲ್ವ್ ಹಾಕಿದ ಮೇಲೆ ಗಾಡಿ ಬಿಸಿಯಾದರೆ ತಪ್ಪು ವಾಲ್ವ್‌ನದಲ್ಲ. ರೇಡಿಯೇಟರ್ ಕಟ್ಟಿದೆ, ಅದನ್ನು ತೊಳೆಸಿ.

ಟೈರಿಗೆ ಹವಾ ತಣ್ಣಗಿದ್ದಾಗ ನೋಡಬೇಕು, ಬಂಕ್‌ವರೆಗೆ ಐದಾರು ಕಿ.ಮೀ. ಓಡಿಸಿದ ಮೇಲಲ್ಲ. ಎಷ್ಟು ಹಾಕಬೇಕೆಂಬುದನ್ನು ಪಂಕ್ಚರ್ ಅಂಗಡಿಯ ಅಂದಾಜಿಗೆ ಬಿಡಬೇಡಿ. ಅಮರಗೋಳದ ಎಪಿಎಂಸಿ ಸುತ್ತ ತೂಕದ ಕಾಟಾ ಸಿಗುತ್ತದೆ. ನೀರು, ಗ್ಯಾಸ್, ಸಾಮಾನು, ಮಂದಿ ಎಲ್ಲ ಇದ್ದ ಹಾಗೇ ಗಾಡಿ ಒಯ್ದು ಮುಂದಿನ ಆಕ್ಸಲ್ ಒಂದನ್ನೇ, ಹಿಂದಿನದೊಂದನ್ನೇ, ಆಮೇಲೆ ಪೂರ್ತಿ ಗಾಡಿಯನ್ನು ತೂಗಿಸಿ. ಆಕ್ಸಲ್‌ನ ತೂಕಕ್ಕೆ ತಕ್ಕ ಒತ್ತಡ ಟೈರ್ ಕಂಪನಿಯ ಪಟ್ಟಿಯಲ್ಲಿ ಇರುತ್ತದೆ. ಕ್ಯಾರವಾನ್‌ನಲ್ಲಿ ಭಾರ ಎಷ್ಟು ಸದ್ದಿಲ್ಲದೆ ಸೇರುತ್ತದೆ ನೋಡಿ: 19 ಮಿ.ಮೀ. ಪ್ಲೈವುಡ್‌ನ 8×4 ಅಡಿಯ ಒಂದು ಹಾಳೆ ಸುಮಾರು 35 ಕೆ.ಜಿ., ನಿಮ್ಮ ನೀರು 150 ಕೆ.ಜಿ., ಮನೆಯ ಇನ್ವರ್ಟರ್‌ಗೆ ಹಾಕುವಂಥ 150 ಎಎಚ್ ಬ್ಯಾಟರಿ ಒಂದಕ್ಕೆ 50 ಕೆ.ಜಿ.ಗೂ ಹೆಚ್ಚು. ಒಟ್ಟು ತೂಕ ಆರ್‌ಸಿಯಲ್ಲಿ ನಮೂದಾದ ಮಿತಿ ದಾಟಿದ್ದರೆ ಆವರೇಜ್ ಮಾತು ಬದಿಗಿಟ್ಟು ಮೊದಲು ಭಾರ ಇಳಿಸಿ. ಹೋಗುವ ಊರಲ್ಲಿ ನೀರು ಸಿಗುವುದಾದರೆ ಟ್ಯಾಂಕ್ ಕಾಲು ಭಾಗ ತುಂಬಿದರೆ ಸಾಕು. ಟೈರಿನ ಮೈಮೇಲೆ ಅಂಗೈ ಅಡ್ಡಲಾಗಿ ಎಳೆದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ.

ಏರ್ ಫಿಲ್ಟರ್, ಟ್ಯಾಪೆಟ್ (ಇಂಜಿನ್ ವಾಲ್ವ್‌ಗಳ ಸಂದಿ) ಅಳತೆ, ಕ್ಲಚ್ ಜಾರುವುದು, ಇವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಹುದು. ಟಾಪ್ ಗೇರಿನಲ್ಲಿ 40ರ ವೇಗದಲ್ಲಿ ಏರು ಹತ್ತುವಾಗ ಪೂರಾ ರೇಸ್ ಒತ್ತಿ. ಇಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಇಷ್ಟೆಲ್ಲ ಸರಿ ಇದ್ದೂ 7.5 ಅಲ್ಲೇ ನಿಂತರೆ ಆಗ ಮಿಸ್ತ್ರಿಯ ಮಾತು ಕೇಳಿ. ಆದರೆ ಕ್ರಮ ಉಲ್ಟಾ ಇರಲಿ: ಮೊದಲು ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಆಮೇಲೆ ನೋಜಲ್, ಕೊನೆಗೆ ಪಂಪ್. ಈ ಇಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಚೈನ್. ಓಡಿದಷ್ಟೂ ಚೈನ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ಡೀಸೆಲ್ ತಡವಾಗಿ ಬೀಳುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಬಿಳಿ ಹೊಗೆ, ಎಳೆತ ಕಡಿಮೆ, ಸೈಲೆನ್ಸರ್ ವಿಪರೀತ ಬಿಸಿ, ಇವು ತಡವಾದ ಟೈಮಿಂಗಿನ ಗುರುತು. ನೋಜಲ್‌ನಲ್ಲಿ ಯಾವುದು ಸೋತಿದೆ ಎಂದು ತಿಳಿಯಲು ಇಂಜಿನ್ ಐಡಲ್‌ನಲ್ಲಿದ್ದಾಗ ಒಂದೊಂದೇ ನೋಜಲ್‌ನ ಪೈಪ್ ನಟ್ ಸಡಿಲಿಸಿ ಬಿಗಿ ಮಾಡುತ್ತ ಹೋಗಿ. ಯಾವುದನ್ನು ಸಡಿಲಿಸಿದಾಗ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ನೋಜಲ್‌ಗಳನ್ನು ಅವು ತೆರೆಯುವ ಒತ್ತಡ ಅಳೆಯುವ ಪಾಪ್ ಟೆಸ್ಟರ್‌ಗೆ ಹಚ್ಚಿಸಿದಾಗ ನಿಮ್ಮೆದುರೇ ನೋಡಿ: ಪ್ರೀ-ಚೇಂಬರ್ ನೋಜಲ್ ಸುಮಾರು 115ರಿಂದ 125 ಬಾರ್‌ನಲ್ಲಿ ತೆರೆಯಬೇಕು, ಮಂಜಿನಂತೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ವಾಪಸ್ ಕೂರಿಸುವಾಗ ವಾಷರ್ ಹೊಸದೇ ಹಾಕಬೇಕು. ಪಂಪ್ ಕ್ಯಾಲಿಬ್ರೇಶನ್ ಮಾಡಿಸಿದರೆ ನಾಲ್ಕೂ ಸಿಲಿಂಡರಿಗೆ ಎಷ್ಟೆಷ್ಟು ಡೀಸೆಲ್ ಬೀಳುತ್ತದೆ ಎಂಬ ಚೀಟಿ ಬರೆಸಿಕೊಂಡು, ಪಂಪಿಗೆ ಸೀಲ್ ಹಾಕಿಸಿಕೊಂಡು ಬನ್ನಿ. ‘ಪಿಕಪ್ ಜಾಸ್ತಿ ಮಾಡಿ ಕೊಡ್ತೇನ್ರಿ’ ಅಂದರೆ ಕೈಮುಗಿದು ಬೇಡ ಅನ್ನಿ. ಅದು ಡೀಸೆಲ್ ಹೆಚ್ಚು ಬಿಡುವ ಸ್ಕ್ರೂ ತಿರುಗಿಸುವ ಕೆಲಸ.

ಪ್ರಶ್ನೆ: ಬಂಕ್‌ನವರೇ ಕಡಿಮೆ ಹಾಕುತ್ತಾರೆ ಎಂದು ನನ್ನ ಸಂಶಯ. ಹೇಗೆ ಪರೀಕ್ಷಿಸಲಿ?
— ರಾಣೆಬೆನ್ನೂರು

ಉತ್ತರ: ಪ್ರತಿ ಬಂಕ್‌ನಲ್ಲೂ ಮುದ್ರೆ ಒತ್ತಿದ 5 ಲೀಟರ್ ಅಳತೆ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅಳೆದು ತೋರಿಸಲೇಬೇಕು. 5 ಲೀಟರಿಗೆ 25 ಮಿ.ಲೀ. ವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ, ಅಂದರೆ ನೂರಕ್ಕೆ ಅರ್ಧ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಅಳತೆ ಸರಿ ಬಂದರೆ ಗಾಡಿಯ ಕಡೆ ತಿರುಗಿ.

ಪ್ರಶ್ನೆ: ನಮ್ಮ ಕ್ಯಾರವಾನ್‌ಗೆ ಚಾವಣಿ ಮೇಲೆ ಎಸಿ, ಒಳಗೆ ಎರಡು 150 ಎಎಚ್ ಬ್ಯಾಟರಿ ಹಾಕಿಸಿದ ಮೇಲೆ ಆವರೇಜ್ 10ರಿಂದ 9ಕ್ಕೆ ಇಳಿಯಿತು. ಅದರಲ್ಲೂ ಜೂನ್–ಜುಲೈನಲ್ಲಿ ಹುಬ್ಬಳ್ಳಿ ಕಡೆ ಹೊರಟರೆ ಇನ್ನೂ ಕಡಿಮೆ. ಗ್ಯಾರೇಜಿನಲ್ಲಿ ಏನೂ ದೋಷ ಇಲ್ಲ ಅಂದರು.
— ಬೆಟಗೇರಿ, ಗದಗ

ಉತ್ತರ: ಗ್ಯಾರೇಜಿನವರು ನಿಜ ಹೇಳಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಪಡುವಣ ಗಾಳಿ, ನೀವು ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಕಡೆ ಹೋಗುವಾಗ ನೇರ ಮುಖಕ್ಕೆ ಬಡಿಯುತ್ತದೆ. ಗಾಡಿ 60ರಲ್ಲಿ, ಗಾಳಿ ಎದುರಿಗೆ 20ರಲ್ಲಿ ಇದ್ದರೆ ಗಾಡಿಯ ಮೈಗೆ ತಾಗುವುದು 80ರ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಅದು ಸುಮಾರು 1.8 ಪಟ್ಟು. ಕ್ಯಾರವಾನ್‌ನ ಮುಂಭಾಗ ಎತ್ತರದ ಗೋಡೆ, ಅದರ ಮೇಲೆ ನೀವು ಎಸಿಯ ಪೆಟ್ಟಿಗೆಯನ್ನೂ ಏರಿಸಿದ್ದೀರಿ. ಗಾಳಿ ಇಲ್ಲದ ದಿನವೂ ಇದೇ ಲೆಕ್ಕ ನಡೆಯುತ್ತದೆ: ಮೂರೂವರೆ ಟನ್ನಿನ ಇಂಥ ಗಾಡಿ 65ರ ಬದಲು 90ರಲ್ಲಿ ಓಡಿದರೆ, ಟೈರಿನ ಎಳೆತ ಸೇರಿ ಒಟ್ಟು ಎಳೆತ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಎದುರುಗಾಳಿಯ ದಿನ 55–60ಕ್ಕೆ ಇಳಿಸುವುದೇ ಮದ್ದು.

ಬ್ಯಾಟರಿ ಲೆಕ್ಕ ಬೇರೆ. 150 ಎಎಚ್ ಬ್ಯಾಟರಿ ರಾತ್ರಿ ಅರ್ಧ ಖಾಲಿಯಾದರೆ ಅದನ್ನು ತುಂಬಲು ಸುಮಾರು ಒಂದು ಯೂನಿಟ್ ಬೇಕು. ಮನೆಯ ಪ್ಲಗ್‌ನಲ್ಲಿ ತುಂಬಿಸಿದರೆ ಅಷ್ಟೇ ಖರ್ಚು. ಇಂಜಿನ್‌ನ ಆಲ್ಟರ್ನೇಟರ್‌ನಿಂದ ತುಂಬಿಸಿದರೆ ಬೆಲ್ಟ್, ಆಲ್ಟರ್ನೇಟರ್‌ಗಳ ನಷ್ಟ ಸೇರಿ ಅರ್ಧ ಲೀಟರ್‌ಗೂ ತುಸು ಹೆಚ್ಚು ಡೀಸೆಲ್. ನಿಮ್ಮಲ್ಲಿ ಎರಡಿವೆ, ಬೆಳಗಿನ ಓಟದಲ್ಲೇ ಒಂದು ಲೀಟರ್ ಅದಕ್ಕೆ ಹೋಗುತ್ತದೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ. ಚಾವಣಿ ಮೇಲೆ ಜಾಗ ಉಳಿದಿದ್ದರೆ ಸೋಲಾರ್ ಹಲಗೆಯನ್ನು ತಗ್ಗಾಗಿ, ಮುಂದಿನ ಅಂಚಿನ ಸಂದಿ ಮುಚ್ಚಿ ಕೂರಿಸಿ. ಓಡುವಾಗ ಚಾವಣಿ ಎಸಿಯನ್ನು ಇನ್ವರ್ಟರ್ ಮೇಲೆ ನಡೆಸಿದರೆ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಅದರ ಪಾಲು.

ಇನ್ನೊಂದು ಮಾತು, ನಿಮ್ಮ ಕಡೆಯದ್ದೇ. ರೋಣ, ನವಲಗುಂದದ ಎರಿ ಹೊಲದ ರಸ್ತೆಗಳಲ್ಲಿ ಸುಗ್ಗಿ ಕಾಲದಲ್ಲಿ ಓಡಿದ ಗಾಡಿಯ ಏರ್ ಫಿಲ್ಟರ್‌ಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಅನ್ವಯಿಸದು. ಕಾಗದದ ಫಿಲ್ಟರ್‌ಗೆ ಹವಾ ಹೊಡೆಯುವುದಾದರೆ ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ. ಅದೂ ಒಂದೆರಡು ಸಲ ಮಾತ್ರ, ಆಮೇಲೆ ಹೊಸದು. ಫಿಲ್ಟರ್ ದಾಟಿದ ಪೈಪಿನ ಒಳಗೆ ಬೆರಳಾಡಿಸಿ. ಬೆರಳಿಗೆ ಕರಿ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಆ ಧೂಳು ಲೈನರ್, ರಿಂಗ್‌ಗಳನ್ನು ಸವೆಸುತ್ತಿದೆ.

ಪ್ರಶ್ನೆ: ಕಲಘಟಗಿ, ಯಲ್ಲಾಪುರ ಮೇಲಿಂದ ಅಂಕೋಲಾಕ್ಕೆ ಹೋಗುವಾಗ 11.5, ವಾಪಸ್ ಬರುವಾಗ 8.7. ಅದೇ ಗಾಡಿ, ಅದೇ ರಸ್ತೆ, ಅದೇ ವೇಗ. ಅಲ್ಲಿನ ಡೀಸೆಲ್ ಕಲಬೆರಕೆಯೇ?
— ಸಪ್ತಾಪುರ, ಧಾರವಾಡ

ಉತ್ತರ: ಡೀಸೆಲ್ ಮೇಲೆ ಅಪವಾದ ಹೊರಿಸಬೇಡಿ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಅಂಕೋಲಾ ಕಡಲ ದಂಡೆಯಲ್ಲಿ. ಮೂರೂವರೆ ಟನ್ ತೂಕವನ್ನು 700 ಮೀಟರ್ ಮೇಲಕ್ಕೆತ್ತಲು ಸುಮಾರು 6.7 ಯೂನಿಟ್ ಶಕ್ತಿ ಬೇಕು. ಚೆನ್ನಾಗಿರುವ ಇಂಜಿನ್ ಕೂಡ ಲೀಟರಿಗೆ ಮೂರೂವರೆ ಯೂನಿಟ್‌ಗಿಂತ ಹೆಚ್ಚು ಕೊಡದು, ಹಾಗಾಗಿ ಬರುವಾಗ ಅರಬೈಲ್ ಘಟ್ಟ ಮತ್ತು ಮುಂದಿನ ಏರಿಗೇ ಸುಮಾರು ಎರಡು ಲೀಟರ್ ಹೆಚ್ಚುವರಿ. ಸುಮಾರು 140 ಕಿ.ಮೀ. ಹಾದಿಗೆ ಸಪಾಟಿನಲ್ಲಿ 14 ಲೀಟರ್ ಬೇಕಾದರೆ ಏರುವಾಗ 16, ಇಳಿಯುವಾಗ 12. ನಿಮ್ಮ ಎರಡೂ ಅಂಕಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಗಾಡಿ ಆರೋಗ್ಯವಾಗಿದೆ. ಹೋಗಿ ಬಂದದ್ದನ್ನು ಸೇರಿಸಿಯೇ ಆವರೇಜ್ ತೆಗೆಯಿರಿ.

ಘಟ್ಟ ಇಳಿಯುವಾಗ ಉಳಿತಾಯಕ್ಕೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಗೇರಿನಲ್ಲಿಟ್ಟು ರೇಸ್‌ನಿಂದ ಕಾಲು ತೆಗೆದರೆ ಐಡಲ್‌ಗಿಂತ ಮೇಲಿನ ವೇಗದಲ್ಲಿ ಪಂಪ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ನಿಂತು ಹೋಗದಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಬ್ರೇಕ್ ಕಾದು ಸೋಲುವ ಅಪಾಯ ಬೇರೆ.

ಪ್ರಶ್ನೆ: ಡೀಸೆಲ್ ಪೈಪಿಗೆ ಕಟ್ಟುವ ಆಯಸ್ಕಾಂತದಿಂದ ಆವರೇಜ್ ಹೆಚ್ಚುತ್ತದೆಯೇ?
— ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಇಲ್ಲ. ಆ ದುಡ್ಡಿಗೆ ಡೀಸೆಲ್ ಫಿಲ್ಟರ್ ತನ್ನಿ.

ಪ್ರಶ್ನೆ: ನಮ್ಮದು 2017ರ ಬಿಎಸ್ 4 ಮಿನಿಬಸ್, ಕಾಮನ್‌ರೇಲ್, ಟರ್ಬೊ ಇದೆ. ಒಳಗೆ ಕ್ಯಾರವಾನ್ ವ್ಯವಸ್ಥೆ ಮಾಡಿಸುತ್ತಿದ್ದೇವೆ. ಆವರೇಜ್ ಎರಡು ಕಿಲೋಮೀಟರ್ ಬಿದ್ದಿದೆ, ಏರಿನಲ್ಲಿ ಕಪ್ಪು ಹೊಗೆ, ಎಳೆತವೂ ಕಡಿಮೆ. ಪೈಪ್ ನಟ್ ಸಡಿಲಿಸಿ ನೋಜಲ್ ನೋಡಬಹುದೇ?
— ಹಾವೇರಿ

ಉತ್ತರ: ಎಂದಿಗೂ ಸಡಿಲಿಸಬೇಡಿ. ಮೇಲಿನ ಹುಬ್ಬಳ್ಳಿಯ ಉತ್ತರದಲ್ಲಿ ಹೇಳಿದ ಆ ಪರೀಕ್ಷೆ ಹಳೇ ಯಾಂತ್ರಿಕ ಪಂಪಿಗೆ ಮಾತ್ರ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಕಾಮನ್‌ರೇಲ್‌ನಲ್ಲಿ 1000 ಬಾರ್ ದಾಟುವ ಒತ್ತಡ ಇರುತ್ತದೆ. ಸಣ್ಣ ಸಂದಿಯಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತಿದ್ದರೂ ಅದು ತಕ್ಷಣ ಆಪರೇಷನ್ ಬೇಕಾಗುವ ಗಾಯ.

ಕಪ್ಪು ಹೊಗೆ, ಕಡಿಮೆ ಎಳೆತ, ಬಿದ್ದ ಆವರೇಜ್ ಮೂರೂ ಒಟ್ಟಿಗೆ ಬಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ದಪ್ಪ ಹೋಸ್‌ಗಳನ್ನು ಕೈಯಿಂದ ಹಿಸುಕಿ, ಕೆಳಮುಖದಲ್ಲಿ ಸೀಳಿದೆಯೇ ನೋಡಿ. ಸೀಳು ಇದ್ದಲ್ಲಿ ಆಯಿಲ್ ಕಲೆಯೊಂದಿಗೆ ಕಪ್ಪು ಧೂಳು ಅಂಟಿರುತ್ತದೆ, ಲೋಡಿನಲ್ಲಿ ಸುಯ್ ಎಂಬ ಸದ್ದು ಬರುತ್ತದೆ. ಕ್ಲಿಪ್ ಸಡಿಲ ಇದ್ದರೂ ಇದೇ ಫಲ. ಆಮೇಲೆ ಇಜಿಆರ್ ವಾಲ್ವ್ ಬಿಚ್ಚಿಸಿ. ಮಸಿ ಕಟ್ಟಿ ತೆರೆದೇ ನಿಂತಿದ್ದರೆ ಸುಟ್ಟ ಗಾಳಿಯೇ ಮತ್ತೆ ಇಂಜಿನ್‌ಗೆ ಹೋಗುತ್ತಿದೆ. ತೊಳೆಸಿದರೆ ಸಾಕು, ತಗಡು ಹಚ್ಚಿ ಮುಚ್ಚಿಸಬೇಡಿ, ಹೊಗೆ ತಪಾಸಣೆಯ ತೊಡಕಲ್ಲದೆ ಎಂಜಿನ್‌ನ ಕಂಪ್ಯೂಟರೂ ತಪ್ಪು ಲೆಕ್ಕ ಹಾಕುತ್ತದೆ.

ಸ್ಕ್ಯಾನರ್ ಹಚ್ಚಿಸುವಾಗ ಕೋಡ್ ಓದಿ ಅಳಿಸುವುದಕ್ಕಷ್ಟೇ ಬಿಡಬೇಡಿ. ಗಾಡಿ ಓಡುತ್ತಿರುವಾಗಿನ ಅಂಕಿ ಕೇಳಿ: ನೀರಿನ ಬಿಸಿ 80ರ ಮೇಲೆ ನಿಲ್ಲುತ್ತಿದೆಯೇ, ಬಿಸಿ ಸೆನ್ಸರ್ ಬಿಸಿ ಇಂಜಿನ್‌ನಲ್ಲೂ ತಣ್ಣಗೆಂದು ತೋರಿಸುತ್ತಿದೆಯೇ, ರೇಲ್ ಒತ್ತಡದಲ್ಲಿ ಕಂಪ್ಯೂಟರ್ ಕೇಳಿದ್ದಕ್ಕೂ ನಿಜವಾಗಿ ಬಂದದ್ದಕ್ಕೂ ಅಂತರ ಇದೆಯೇ, ಟರ್ಬೊ ಒತ್ತಡ ಏರಿನಲ್ಲಿ ಏರುತ್ತಿದೆಯೇ. ಇಂಜೆಕ್ಟರ್ ಪರೀಕ್ಷೆಗೆ ರಿಟರ್ನ್ ಅಳತೆ ಇದೆ. ನಾಲ್ಕೂ ಇಂಜೆಕ್ಟರ್‌ಗಳ ಸಣ್ಣ ರಿಟರ್ನ್ ಪೈಪ್ ಬಿಚ್ಚಿ ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಡಬೇಕು. ಇದು ಕಡಿಮೆ ಒತ್ತಡದ ಪೈಪ್, ಆದರೂ ಗೊತ್ತಿದ್ದವರೇ ಮಾಡಲಿ. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಿದಾಗ ನಾಲ್ಕೂ ಹೆಚ್ಚುಕಡಿಮೆ ಸಮ ಇರಬೇಕು. ಒಂದು ಬಾಟಲಿ ಮಾತ್ರ ಉಳಿದವುಗಳ ದುಪ್ಪಟ್ಟು ತುಂಬಿದ್ದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಅದನ್ನೊಂದನ್ನೇ ಬದಲಿಸಬಹುದು, ನಾಲ್ಕೂ ಬೇಕಿಲ್ಲ. ಹೊಸ ಇಂಜೆಕ್ಟರ್ ಮೇಲೆ ಕೋಡ್ ಬರೆದಿದ್ದರೆ ಅದನ್ನು ಸ್ಕ್ಯಾನರ್‌ನಿಂದ ಕಂಪ್ಯೂಟರಿಗೆ ದಾಖಲಿಸಿದ ಮೇಲೆಯೇ ಗಾಡಿ ಗ್ಯಾರೇಜಿನಿಂದ ಹೊರಗೆ ತನ್ನಿ.

ಒಳಗಿನ ಮರಗೆಲಸ ಶುರುವಾಗುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ಸ್ವರೂಪ ಬದಲಿಸಲು ಅನುಮತಿ ಬೇಕು, ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ವಿಮಾ ಕಂಪನಿಗೂ ತಿಳಿಸಿ. ಕಪ್ಪು ಹೊಗೆ ಸರಿಪಡಿಸಿ, ಒಳಗೆ ಏನೂ ಕೂರಿಸುವ ಮೊದಲೇ 400 ಕಿ.ಮೀ. ಓಡಿಸಿ ಆವರೇಜ್ ಬರೆದಿಟ್ಟುಕೊಳ್ಳಿ, ಗಾಡಿಯನ್ನು ಖಾಲಿ ತೂಗಿಸಿ. ಮಂಚ, ಟ್ಯಾಂಕ್ ಬಂದ ಮೇಲೆ ಎಷ್ಟು ಇಳಿದರೆ ಸಹಜ, ಎಷ್ಟು ಇಳಿದರೆ ದೋಷ ಎಂದು ಹೇಳಲು ಆ ಎರಡು ಅಂಕಿ ಬೇಕಾಗುತ್ತವೆ.